ಆಸ್ಟ್ರೇಲಿಯಾದ ಮಕ್ಕಳಿಗೆ ಹಗಲಿನಲ್ಲಿ ಕಥೆ ಹೇಳಿದ್ದು

ಸವಣೂರು

ನಮ್ಮ ಮನೆಯವರು ಆಸ್ಟ್ರೇಲಿಯಾಕ್ಕೆ ಓದಲು ಹೋದರು. ನಾನು ರೊಟ್ಟಿ ಬಡಿಯಲು ಹೋದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅಷ್ಟು ದೂರ ಹೋದವಳು ಏನೇನು ಕಲಿತು ಬಂದಿದ್ದಾಳೋ ಎಂದು ನೀವು ಕಾಯುತ್ತ ಕೂತೀರಿ.

ಇವರು ಸವಣೂರಿನಲ್ಲಿ ಸಾಲೆಯ ಮಾಸ್ತರು. ಮಕ್ಕಳು ಓದುವಂಥ ಸಣ್ಣ ಸಣ್ಣ ಪುಸ್ತಕ ಬರೆಯುವ ಹುಚ್ಚು ಮೊದಲಿನಿಂದಲೂ ಇತ್ತು. ಹುಬ್ಬಳ್ಳಿಯ ಅರಳೆ ವ್ಯಾಪಾರಿಯೊಬ್ಬರು ಅವನ್ನು ಮೆಚ್ಚಿ, "ಹೊರದೇಶದಾಗ ಮಕ್ಕಳ ಪುಸ್ತಕ ಹೆಂಗ ಮಾಡ್ತಾರ, ಕಣ್ಣಾರೆ ನೋಡ್ಕೊಂಡು ಬರ್ರಿ ಮಾಸ್ತರ" ಎಂದು ಖರ್ಚನ್ನೆಲ್ಲ ಹೊತ್ತರು. ವಿಲಾಯತಿಗೆ ಹೋಗುತ್ತಾರೆಂದೇ ಎಲ್ಲರೂ ತಿಳಿದಿದ್ದರು. ಇವರು ಆಸ್ಟ್ರೇಲಿಯಾ ಎಂದರು. "ವಿಲಾಯತಿಯವ್ರು ಎಂದೋ ಬರದು ಮುಗಿಸ್ಯಾರ. ಆಸ್ಟ್ರೇಲಿಯಾದವ್ರು ನಮ್ಮಂಗ. ಇಷ್ಟು ದಿನ ಮಂದಿ ಪುಸ್ತಕ ಓದಿ, ಈಗ ತಮ್ಮ ಮಕ್ಕಳ ಕತಿ ತಾವು ಬರ್ಯಾಕತ್ತಾರ. ನೋಡಬೇಕಾದ್ದು ಅದನ್ನ" ಎಂಬುದು ಇವರ ವಾದ.

ಆದರೆ ಇವರು ಮಾಂಸ ಬೇಯಿಸಿದ ಮನೆಯ ನೀರನ್ನೂ ಮುಟ್ಟದವರು. ಹತ್ತಿಮತ್ತೂರಿನಿಂದ ನಮ್ಮ ಅತ್ತೆಯವರು ಬಂದು ತೀರ್ಮಾನ ಹೇಳಿದರು. "ಗೌರವ್ವನ್ನ ಕರ್ಕೊಂಡು ಹೋಗು. ಅಲ್ಲೆ ನಿನಗ ಯಾರು ಬೇಯಿಸಿ ಹಾಕ್ತಾರ? ಕೂಸು ಬ್ಯಾಡ. ಹಡಗಿನ ನೀರು ಕೂಸಿಗೆ ಒಗ್ಗಂಗಿಲ್ಲ. ನೀಲಾ ನನ್ನ ಕಡೆ ಇರಲಿ. ಒಂದು ವರ್ಷ ಅಂದ್ರ ಏನು, ಒಂದು ಸುಗ್ಗಿ."

ನೀಲಾ ನಮ್ಮ ಒಬ್ಬಳೇ ಮಗಳು. ಆಗ ಅವಳಿಗೆ ನಾಲ್ಕು ತುಂಬಿರಲಿಲ್ಲ. ನಾವು ಹೊರಡುವ ದಿನ ಹತ್ತಿಮತ್ತೂರಿನ ಅಂಗಳದಲ್ಲಿ ಕಟ್ಟೆಯ ಕೆಳಗೆ ಕೂತು ಶೇಂಗಾ ಒಡೆಯುತ್ತಿದ್ದಳು. ಹುಲಗೂರಿನ ಉರುಸಿಗೋ ಶಿಗ್ಗಾವಿಯ ಸಂತೆಗೋ ಹೊರಟಿದ್ದೇವೆ ಎಂದು ತಿಳಿದಿರಬೇಕು. "ಸಂಜೀಕ ಬರ್ತೀಯಲ್ಲ?" ಎಂದು ಕೇಳಿದಳು. ಅತ್ತೆಯವರೇ, "ಬರ್ತಾಳ, ಬರ್ತಾಳ, ನೀ ಶೇಂಗಾ ತಿನ್ನು" ಎಂದರು. ಬಂಡಿ ಹೊರಟಿತು. ಅವಳು ತಲೆ ಎತ್ತಿ ನೋಡಲಿಲ್ಲ. ನೋಡಿದ್ದರೆ ನಾನು ಇಳಿದುಬಿಡುತ್ತಿದ್ದೆ.

ಹಡಗಿನ ಮೇಲೆ

ನಾನು ಹುಟ್ಟಿದ್ದು ಹಾನಗಲ್ಲಿನಲ್ಲಿ. ಅಲ್ಲಿಯ ಆನೆಕೆರೆಗಿಂತ ದೊಡ್ಡ ನೀರು ಕಂಡವಳಲ್ಲ. ಕೆರೆ ಎಂದರೆ ಆಚೆ ದಂಡೆ ಇರುತ್ತದೆ, ಅಲ್ಲಿ ಯಾರೋ ಬಟ್ಟೆ ಒಗೆಯುತ್ತಿರುತ್ತಾರೆ. ಈ ಸಮುದ್ರಕ್ಕೆ ಆಚೆ ದಂಡೆಯೇ ಇರಲಿಲ್ಲ. ವಾಂತಿ ಮಾಡಿಕೊಳ್ಳುವಾಗಲೂ ಎಲ್ಲಿಗೆ ಮುಖ ಮಾಡಬೇಕೋ ತಿಳಿಯಲಿಲ್ಲ.

ಸ್ನಾನಕ್ಕೆ ಕೊಡುತ್ತಿದ್ದುದು ಉಪ್ಪುನೀರು. ಲಿಂಗಪೂಜೆಗೆ ಉಪ್ಪುನೀರು ಎರೆಯುವುದು ಹೇಗೆ? ನಾನು ಕೇಳಿಯೂ ಇರಲಿಲ್ಲ; ಅಡಿಗೆ ಮನೆಯಲ್ಲಿದ್ದ ಗೋವೆಯ ಮುದುಕನೊಬ್ಬ ನನ್ನ ಹಣೆಯ ವಿಭೂತಿ ನೋಡಿ, ಮಾರನೆಯ ಬೆಳಗ್ಗೆ ಅರ್ಧ ತಂಬಿಗೆ ಸಿಹಿನೀರು ತಂದು ಬಾಗಿಲಲ್ಲಿಟ್ಟ. ಇಳಿಯುವವರೆಗೂ ಹಾಗೇ ಇಟ್ಟ. ಮಾತಾಡಲಿಕ್ಕೆ ನಮ್ಮಿಬ್ಬರಿಗೂ ಒಂದು ಭಾಷೆ ಇರಲಿಲ್ಲ. ಶಿವನು ನೀರು ಕಳಿಸಬೇಕೆಂದರೆ ಕೊರಳಲ್ಲಿ ಶಿಲುಬೆ ಇದ್ದವನ ಕೈಯಲ್ಲೂ ಕಳಿಸುತ್ತಾನೆ.

ಇವರು ಸವಣೂರಿನ ವೀಳ್ಯದೆಲೆ ಒಂದು ಕಟ್ಟು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಕೊಲಂಬೊ ದಾಟುವಷ್ಟರಲ್ಲಿ ಅರ್ಧಕ್ಕರ್ಧ ಕೊಳೆತವು. ಉಳಿದವನ್ನು ದಿನಕ್ಕೊಂದರಂತೆ ಇವರು ಎಷ್ಟು ಹೊತ್ತು ಅಗಿಯುತ್ತಿದ್ದರೆಂದರೆ, ನೋಡಿದವರಿಗೆ ಹಲ್ಲುನೋವೆಂದು ತೋರುತ್ತಿತ್ತು.

ಫ್ರೀಮ್ಯಾಂಟಲ್

ಆಸ್ಟ್ರೇಲಿಯಾದ ಮೊದಲ ಬಂದರು ಇದು. ಹೊರಗಿನ ಬೀಜ, ಕಾಳು ಅವರ ನೆಲಕ್ಕೆ ಬೀಳಬಾರದೆಂದು ಪೆಟ್ಟಿಗೆ ತೆಗೆಸಿ ನೋಡುತ್ತಾರೆ. ನನ್ನ ಹವೀಜ, ಜೀರಿಗೆ, ಮೆಂತ್ಯದ ಗಂಟುಗಳೆಲ್ಲ ಹೋದವು. ಖಾರಪುಡಿಯನ್ನು ಅಧಿಕಾರಿ ಮೂಸಿ ನೋಡಿದ. ಸೀನು ಸುರುವಾಗಿ ನಿಲ್ಲಲೇ ಇಲ್ಲ. ಹಿಂದಿದ್ದವರಿಗೆಲ್ಲ ನಗು. ಕಣ್ಣೊರೆಸಿಕೊಳ್ಳುತ್ತ ಅದೊಂದನ್ನು ನನಗೇ ತಿರುಗಿ ಕೊಟ್ಟ.

ಆಮೇಲೆ ಅವನ ಕಣ್ಣು ನನ್ನ ಕೊರಳ ಬೆಳ್ಳಿ ಕರಡಿಗೆಯ ಮೇಲೆ ಬಿತ್ತು. ಅದರಲ್ಲಿರುವುದು ಇಷ್ಟಲಿಂಗ; ಉಸಿರಿರುವ ತನಕ ಮೈಮೇಲಿಂದ ಇಳಿಸುವುದಿಲ್ಲ. ಅದನ್ನೂ ತೆಗೆದು ತೋರಿಸೆಂದ. ನಾನು ಎರಡೂ ಕೈಯಲ್ಲಿ ಅದನ್ನು ಮುಚ್ಚಿ ನಿಂತೆ. ಇವರು ಇಂಗ್ರೇಜಿಯಲ್ಲಿ ಏನೋ ಹೇಳಿದರು. ಅವನು ನನ್ನ ಮುಖ ನೋಡಿ, ಟೊಪ್ಪಿಗೆ ತೆಗೆದು, ಮುಂದೆ ಹೋಗಿರೆಂದು ಕೈ ಮಾಡಿದ.

"ಏನ್ ಹೇಳಿದ್ರಿ?" ಎಂದು ಕೇಳಿದೆ.

"ಅದರಾಗ ನಮ್ಮ ದೇವರು ಅದಾನ, ತೆಗದ್ರ ಈಕಿ ಇಲ್ಲೇ ಕುಂತುಬಿಡ್ತಾಳ, ಮತ್ತ ಎಬ್ಬಿಸೂದು ನನ್ನ ಕೈಲಿ ಆಗೂದಿಲ್ಲ ಅಂದೆ."

ಮೆಲ್ಬೋರ್ನ್: ಮಿಸೆಸ್ ವಾಲ್ಶ್ ಅವರ ಮನೆ

ಮಾಡಿಯ ಮೇಲೆ ಎರಡು ಕೋಣೆ, ಒಂದು ಗ್ಯಾಸಿನ ಒಲೆ. ಮನೆಯ ಒಡತಿ ಮಿಸೆಸ್ ವಾಲ್ಶ್ ಗಂಡನನ್ನು ಕಳೆದುಕೊಂಡವರು. ಡೊರತಿ ಎಂಬ ಏಳೆಂಟು ವರ್ಷದ ಮಗಳೊಡನೆ ಕೆಳಗೆ ಇದ್ದರು. ಅವರ ಮಾತನ್ನೆಲ್ಲ ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ, ನನ್ನ ಕಿವಿಗೆ ಹಾಗೇ ಕೇಳಿಸುತ್ತಿತ್ತು.

ಮೊದಲ ದಿನ ರೊಟ್ಟಿ ಬಡಿಯಲು ಕೂತೆ. ಹಲಗೆಯ ನೆಲ, ನಮ್ಮ ಸಗಣಿ ಸಾರಿಸಿದ ನೆಲದಂತೆ ಸದ್ದು ನುಂಗುವುದಿಲ್ಲ. ನಾಲ್ಕನೆಯ ರೊಟ್ಟಿಗೆ ಬಾಗಿಲು ಧಡಾರನೆ ತೆರೆಯಿತು. ಮಿಸೆಸ್ ವಾಲ್ಶ್ ಕಸಬರಿಗೆಯ ಕೋಲು ಹಿಡಿದು ನಿಂತಿದ್ದರು. ಮೂಲೆಯಲ್ಲಿ ಪುಸ್ತಕ ಓದುತ್ತಿದ್ದ ಇವರ ಕಡೆಗೆ ಕೋಲು ಚಾಚಿ, "ಆಕೀನ್ನ ಹೊಡಿಯೂದು ನಿಲ್ಲಿಸ್ರಿ" ಎಂದರು.

ಇವರು ಗಾಬರಿಯಾಗಿ ಪುಸ್ತಕ ಎದೆಗೆ ಒತ್ತಿಕೊಂಡರು. ನಾನು ಹಿಟ್ಟಿನ ಕೈ ಎತ್ತಿ ತೋರಿಸಿದೆ. ಮುಂದಿನ ರೊಟ್ಟಿ ಬಡಿದು ಅವರ ಕೈಗೇ ಕೊಟ್ಟೆ. ತಿಂದರು. ಆಮೇಲೆ ಸದ್ದು ಕೇಳಿಸಿತೆಂದರೆ ಡೊರತಿ ತಟ್ಟೆ ಹಿಡಿದು ಮೇಲೆ ಬರುತ್ತಿದ್ದಳು.

ತಂದ ಹಿಟ್ಟು ತೀರಿದಾಗ ಜೋಳ ಹುಡುಕಿಕೊಟ್ಟವಳೂ ಅವಳೇ. ಕೋಳಿಗಳಿಗೆ ಕಾಳು ಮಾರುವ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವನು, "ಎಷ್ಟು ಕೋಳಿ ಸಾಕೀರಿ?" ಎಂದು ಕೇಳಿದ. ಡೊರತಿ, "ಎರಡು, ಒಂದು ಹುಂಜ, ಒಂದು ಹ್ಯಾಟಿ" ಎಂದಳು. ಬರುವ ದಾರಿಯಲ್ಲಿ ಅದನ್ನು ನೆನೆಸಿ ನಕ್ಕೆ. ಮನೆಗೆ ಬಂದು ಕಾಳು ಹಸನು ಮಾಡುವಾಗ, ನೀಲಾ ಇದ್ದಿದ್ದರೆ ಮೊರದ ತುದಿಯಿಂದ ಕಾಳು ಕದ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು ಎನ್ನಿಸಿತು. ಮೊರದ ಆ ತುದಿ ಖಾಲಿಯಾಗಿಯೇ ಇತ್ತು.

ಮಕ್ಕಳ ಗ್ರಂಥಾಲಯ

ಇವರು ದಿನಾ ಹೋಗಿ ಓದುತ್ತಿದ್ದ ಜಾಗ ಇದು. ಮಕ್ಕಳಿಗಾಗಿಯೇ ಒಂದು ಮನೆ, ಗೋಡೆಯ ತುಂಬ ಪುಸ್ತಕ. ಕುರ್ಚಿಗಳು ಮೊಳಕಾಲೆತ್ತರಕ್ಕೂ ಇಲ್ಲ. ಇವರು ಗದ್ದಕ್ಕೆ ಮೊಳಕಾಲು ತಾಗಿಸಿ ಕೂತರೆ ಮಕ್ಕಳು ಪುಸ್ತಕ ಬಿಟ್ಟು ಇವರ ತಲೆಯ ರುಮಾಲನ್ನೇ ಓದುತ್ತಿದ್ದರು. ನಾನು ಮಧ್ಯಾಹ್ನ ಬುತ್ತಿ ಒಯ್ಯುತ್ತಿದ್ದೆ. ಬರಬರುತ್ತ ಅಲ್ಲೇ ಕೂತು ಚಿತ್ರ ನೋಡುವ ರೂಢಿಯಾಯಿತು. ಅಲ್ಲಿಯ ಮೇಲ್ವಿಚಾರಕಿ ಮಿಸ್ ಹಾರ್ಪರ್, ನೆರೆತ ಕೂದಲಿನ, ಮೆತ್ತಗೆ ಮಾತಾಡುವ ಹೆಂಗಸು, ನನಗೊಂದು ಚಾಪೆ ಹಾಸಿಕೊಟ್ಟರು.

ನಮ್ಮ ಪುಸ್ತಕದ ಮಗು ಬೇಗ ಏಳುತ್ತದೆ, ಕೈಮುಗಿಯುತ್ತದೆ, ಸುಳ್ಳು ಹೇಳುವುದಿಲ್ಲ. ಅಂಥ ಮಗುವನ್ನು ನಾನು ಪುಸ್ತಕದಲ್ಲಿ ಮಾತ್ರ ಕಂಡಿದ್ದೇನೆ. ಅಲ್ಲಿಯವರ ಪುಸ್ತಕದ ಮಗು ಬೇಲಿ ಹಾರುತ್ತದೆ, ಪಿಂಗಾಣಿ ಒಡೆಯುತ್ತದೆ, ಸುಳ್ಳು ಹೇಳಿ ಸಿಕ್ಕಿಬೀಳುತ್ತದೆ. ಬರೆದವರಿಗೆ ಅದರ ಮೇಲೆ ಒಳಗೊಳಗೇ ಪ್ರೀತಿ. ಬೆಳಗ್ಗೆ ಗೇಟು ದಾಟಿ ಹೋದದ್ದು ಊಟದ ಹೊತ್ತಿಗೆ ಬರುತ್ತದೆ. ದೊಡ್ಡವರು ಒಳಗೆಲ್ಲೋ ಇರುತ್ತಾರೆ.

"ಈ ದೇಶದವ್ರ ಪುಸ್ತಕದಾಗ ಅಜ್ಜಿ ಎಲ್ಲಿ ಅದಾಳ್ರೀ?" ಎಂದು ಇವರನ್ನು ಕೇಳಿದೆ.

ಇವರು ಪೆನ್ಸಿಲ್ ಕೆಳಗಿಟ್ಟರು. "ಅಜ್ಜಿ ಸಮುದ್ರದ ಆಚೆ ಉಳದಾಳ. ಇವರ ಹಿರಿಯರು ಹರೇದಾಗ ಹಡಗ ಹತ್ತಿ ಬಂದವ್ರು, ಮುದುಕರು ಅಲ್ಲೇ ಉಳದ್ರು. ಕತಿ ಹೇಳಾಕ ಮನ್ಯಾಗ ಯಾರೂ ಇಲ್ಲ. ಅದಕ್ಕ ಪುಸ್ತಕ ಬೇಕಾತು."

ನಮ್ಮ ನೀಲಾಳ ಪಾಲಿಗೆ ಅಜ್ಜಿ ಉಳಿದಿದ್ದಾಳೆ, ಅವ್ವ ಸಮುದ್ರದ ಆಚೆ. ನಾನು ಬುತ್ತಿಯ ಬಟ್ಟೆ ಮಡಚಿದೆ. ಇವರು ಪೆನ್ಸಿಲ್ ತಿರುಗಿ ಎತ್ತಲಿಲ್ಲ.

ಕಾಡಿನಲ್ಲಿ ಮಗು ಕಳೆದುಹೋಗುವ ಕಥೆ ಅವರಲ್ಲಿ ಬಹಳ. ಬಿಳೀ ತೊಗಟೆಯ ಎತ್ತರೆತ್ತರ ಮರ, ನಡುವೆ ಬೆರಳಷ್ಟು ಮಗು. ಆ ಚಿತ್ರ ಬಂದರೆ ನಾನು ಪುಸ್ತಕ ಮುಚ್ಚಿಬಿಡುತ್ತಿದ್ದೆ. ಡೊರತಿ ಮಾತ್ರ ನನ್ನ ಸೆರಗು ಜಗ್ಗಿ, "ಸಿಗ್ತಾನ, ಕಡೀ ಪುಟದಾಗ ಸಿಗ್ತಾನ" ಎಂದು ತೆಗೆದು ತೋರಿಸುತ್ತಿದ್ದಳು. ಕೆಲವು ಪುಸ್ತಕಗಳನ್ನು ಹಾಗೆ ತೆಗೆದು ತೋರಿಸುತ್ತಿರಲಿಲ್ಲ.

ಒಂದು ದಿನ ಒಂದು ಚಿತ್ರದಲ್ಲಿ ಪೀಪಾಯಿಯಂಥ ಬುಡದ, ಮೇಲೆ ನಾಲ್ಕೇ ಕೊಂಬೆಯ ಮರ ಕಂಡು ಅದರ ಮೇಲೆ ಬೆರಳಿಟ್ಟೆ. ಸವಣೂರಿನ ಮಠದ ದೊಡ್ಡಹುಣಸೆ ಮರ ಅದೇ. ಆ ದೇಶದ ಬಡಗಣ ತುದಿಯಲ್ಲೂ ಅಂಥವು ಬೆಳೆಯುತ್ತವಂತೆ. ನೀಲಾ ಆ ಬುಡಕ್ಕೆ ಕೆನ್ನೆ ಒತ್ತಿ, ಎರಡೂ ಕೈ ಚಾಚಿ, "ಅವ್ವಾ, ಈ ಗಿಡ ಹೊಟ್ಟೀಲೆ ಐತಿ" ಎಂದು ಮರವನ್ನೇ ಬಸುರಿ ಮಾಡಿದ್ದಳು. ಸ್ವಂತ ಊರಿನ ಮರವನ್ನು ಪರದೇಶದ ಪುಸ್ತಕದಲ್ಲಿ ಮುಟ್ಟಿ ನೋಡುವ ಭಾಗ್ಯ ಎಷ್ಟು ಜನಕ್ಕೆ ಬರುತ್ತದೆ? ಆ ಪುಟವನ್ನು ಮತ್ತೆ ಮತ್ತೆ ತೆಗೆದು ನೋಡಿದೆ.

ಇನ್ನೊಂದು ಪುಸ್ತಕದಲ್ಲಿ, ಆ ನೆಲದ ಮೂಲದವರ ಕಪ್ಪು ಕೂಸೊಂದು ಬಿಳಿಯ ಮಕ್ಕಳಿಗೆ ಕಾಡಿನಲ್ಲಿ ಸಿಗುತ್ತದೆ. ಅವರು ಅದನ್ನು ಮನೆಗೆ ತಂದು, ಹಾಲು ಕುಡಿಸಿ, ಅಂಗಿ ತೊಡಿಸುತ್ತಾರೆ. ಎಲ್ಲರಿಗೂ ಸಂತೋಷ, ಕಥೆ ಮುಗಿಯಿತು. ನಾನು ನನ್ನ ಮುರುಕು ಇಂಗ್ರೇಜಿಯಲ್ಲಿ ಮಿಸ್ ಹಾರ್ಪರ್ ಅವರನ್ನು ಕೇಳಿದೆ, "ಇದರ ತಾಯಿ ಯಾವ ಪುಟದಾಗ ಅದಾಳ?" ಅವರು ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಹಿಂದಕ್ಕೂ ತಿರುವಿದರು. "ಇಲ್ಲ" ಎಂದರು. ಪುಸ್ತಕವನ್ನು ಕಪಾಟಿಗೆ ಇಡದೆ ಮೇಜಿನ ಮೇಲೇ ಇಟ್ಟುಕೊಂಡರು.

ಸಂಜೆ ಇವರು, "ನಮ್ಮ ಓದುವ ಪುಸ್ತಕದಾಗ ಊರ ಹೊರಗಿನ ಕೇರಿ ಮಕ್ಕಳು ಅದಾರೇನು, ಗೌರಾ? ನಾ ಬರದದ್ದರಾಗರ ಅದಾರೇನು?" ಎಂದರು. ಅವತ್ತು ಊಟ ಸರಿಯಾಗಿ ಮಾಡಲಿಲ್ಲ.

ಒಂದು ಶನಿವಾರ

ವರ್ಷ ಮುಗಿಯುವ ಹೊತ್ತಿಗೆ ಯುದ್ಧ ಸುರುವಾಯಿತು. ಹಡಗುಗಳನ್ನೆಲ್ಲ ದಂಡಿನ ಕೆಲಸಕ್ಕೆ ಎಳೆದುಕೊಂಡರು. ಹಡಗಿನ ಕಚೇರಿಯಲ್ಲಿ ಇವತ್ತು ಇಲ್ಲ, ಬರುವ ತಿಂಗಳು ನೋಡೋಣ ಎನ್ನುತ್ತಿದ್ದರು. ಆ ತಿಂಗಳೂ ಹಾಗೇ. ಶಿಗ್ಗಾವಿಯಿಂದ ನಮ್ಮ ಅಣ್ಣ ಬಸಣ್ಣ ಅತ್ತೆಯವರ ಪರವಾಗಿ ಕಾಗದ ಬರೆಯುತ್ತಿದ್ದ. ಮೊದಮೊದಲು, ನೀಲಾ ನಿನ್ನ ನೆನೆಸಿ ಅಳುತ್ತಾಳೆ ಎಂದು ಬರುತ್ತಿತ್ತು. ಈಗ, "ನೀಲಾ ಅಳೂದು ಬಿಟ್ಟಾಳ, ಚಿಂತಿ ಮಾಡಬ್ಯಾಡ" ಎಂದು ಬಂತು. ಅವನು ಸಮಾಧಾನಕ್ಕೆಂದೇ ಬರೆದದ್ದು. ಅಳುತ್ತಿದ್ದಾಗ ನಾನು ಅವಳಿಗೆ ನೆನಪಿದ್ದೆ.

ಆ ದಿನಗಳಲ್ಲೇ ಮಿಸ್ ಹಾರ್ಪರ್, ಶನಿವಾರ ಮಕ್ಕಳಿಗೆಲ್ಲ ನಿಮ್ಮ ಕಡೆಯ ಒಂದು ಕಥೆ ಹೇಳಿರೆಂದು ಕೇಳಿದರು. ಇವರು ನನ್ನ ಪರವಾಗಿ ಒಪ್ಪಿಯೂ ಬಿಟ್ಟರು. ನಾನು ಕನ್ನಡದಲ್ಲಿ ಹೇಳುವುದು, ಇವರು ಇಂಗ್ರೇಜಿ ಮಾಡುವುದು. ಶನಿವಾರ ಹೋಗಿ ಚಾಪೆಯ ಮೇಲೆ ಕೂತೆ. ಮೂವತ್ತು ನಲವತ್ತು ಮಕ್ಕಳು ಬಾಯಿ ತೆರೆದು ಕೂತಿದ್ದವು. ಕಿಟಕಿಯಲ್ಲಿ ಝಗಝಗ ಬಿಸಿಲು.

"ಈಗ?" ಎಂದು ಇವರನ್ನು ಕೇಳಿದೆ.

"ಮತ್ಯಾವಾಗ?"

"ಹಾಡೇ ಹಗಲ ಐತೆಲ್ರಿ. ನಾ ಹೇಳಂಗಿಲ್ಲ."

ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗಲಿನಲ್ಲಿ ಕಥೆ ಹೇಳಿದರೆ, ಕೇಳಿದ ಮಕ್ಕಳ ಸೋದರಮಾವ ದಾರಿ ತಪ್ಪುತ್ತಾನೆ. ನಮ್ಮಲ್ಲಿ ಯಾವ ಅಜ್ಜಿಯೂ ದೀಪ ಹಚ್ಚದೆ ಬಾಯಿ ತೆರೆಯುವುದಿಲ್ಲ. ಇವರಿಗೆ ಸಿಟ್ಟು ಬಂತು. "ಇದು ಹತ್ತಿಮತ್ತೂರಲ್ಲ. ಊರಾಗ ಈಗಿನ್ನೂ ಬೆಳಕು ಹರ್ಯಾಕತ್ತೈತಿ" ಎಂದರು.

"ಈ ಹುಡುಗರ ಮಾವಂದಿರು ಇಲ್ಲೇ ಅದಾರಲ್ರಿ. ಅವರಿಗಿದು ಹಗಲ."

ಮಿಸ್ ಹಾರ್ಪರ್ ಏನೆಂದು ಕೇಳಿದರು. ಇವರು ತಲೆ ತಗ್ಗಿಸಿ ವಿವರಿಸಿದರು. ಮಕ್ಕಳು ನಗುತ್ತವೆಂದು ನಾನು ಕಾದೆ, ನಗಲಿಲ್ಲ. ಡೊರತಿ ಎದ್ದು ನಿಂತಳು. ಅವಳ ತಾಯಿಯ ತಮ್ಮ ಕುರಿಯ ಹಿಂಡು ಹೊಡೆದುಕೊಂಡು ನೀರಿಲ್ಲದ ಒಳನಾಡಿನಲ್ಲಿ ತಿಂಗಳುಗಟ್ಟಲೆ ನಡೆಯುವವನು. "ಹಂಗಾರ ಹೇಳಬ್ಯಾಡ್ರಿ" ಎಂದಳು. ಎಲ್ಲ ಮಕ್ಕಳೂ ತಮ್ಮ ತಮ್ಮ ಮಾವಂದಿರನ್ನು ನೆನೆಸತೊಡಗಿದವು. ಒಬ್ಬನ ಮಾವ ರೈಲಿನವನು, "ಹಳಿ ಮ್ಯಾಲ ಹೋಗಾಂವಗ ದಾರಿ ಹೆಂಗ ತಪ್ಪತೈತಿ?" ಎಂದು ಅವನ ವಾದ. ಕೆಂಪು ಕೂದಲಿನ ಹುಡುಗಿಯೊಬ್ಬಳು ನನ್ನ ಪಕ್ಕಕ್ಕೆ ಸರಿದು, "ನಮ್ಮವ್ವಗ ಅಣ್ಣತಮ್ಮರು ಇಲ್ಲ. ನನ್ನ ಕಿವ್ಯಾಗ ಹೇಳ್ರಿ" ಎಂದಳು.

ಮಿಸ್ ಹಾರ್ಪರ್ ಎದ್ದರು. ಒಂದೊಂದೇ ಕಿಟಕಿಯ ಪರದೆ ಇಳಿಸಿದರು, ಬಾಗಿಲ ಸಂದಿಗೆ ತಮ್ಮ ಕೋಟು ತುರುಕಿದರು, ಒಂದು ಮೋಂಬತ್ತಿ ಹಚ್ಚಿ ನನ್ನ ಮುಂದಿಟ್ಟರು. "ಈಗ ನಡೀತೈತೇನ್ರಿ?" ಎಂದರು. ಇದು ದೇವರ ಕಣ್ಣಿಗೆ ಮಣ್ಣೆರಚಿದಂತೆ ಆಗುವುದಿಲ್ಲವೇ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಆದರೆ ಇಷ್ಟು ದೊಡ್ಡ ವಿದ್ಯಾವಂತ ಹೆಂಗಸು ನನ್ನ ಮಾತಿಗೆ ಮರ್ಯಾದೆ ಕೊಟ್ಟು ಹಗಲನ್ನು ರಾತ್ರಿ ಮಾಡಿದ್ದರು. ಹಣೆಗೆ ಕೈಮುಟ್ಟಿಸಿಕೊಂಡು ಸುರು ಮಾಡಿದೆ.

ಅತ್ತೆಯವರು ನೀಲಾಗೆ ಹೇಳುತ್ತಿದ್ದ ಕಥೆ ಅದು. ಬೀಸುಕಲ್ಲಿನ ಮೇಲಿನ ಕಲ್ಲು ಮುನಿಸಿಕೊಂಡು ಮನೆ ಬಿಟ್ಟು ಉರುಳುತ್ತ ಹೋಗುತ್ತದೆ. ದಾರಿಯಲ್ಲಿ ಮರಳು ಬೀಸಲು ನೋಡುತ್ತದೆ, ಎಲೆ ಬೀಸಲು ನೋಡುತ್ತದೆ. ಒಂಟಿ ಕಲ್ಲಿನಿಂದ ಏನೂ ಹಿಟ್ಟಾಗುವುದಿಲ್ಲ. ಇವರು ಇಂಗ್ರೇಜಿ ಮಾಡುತ್ತ ಹೋದರು. ಕಲ್ಲು ಉರುಳುವ ಸದ್ದನ್ನು ನಾನೇ ಮಾಡಿದೆ, ಅದಕ್ಕೆ ಇಂಗ್ರೇಜಿ ಬೇಕಾಗಲಿಲ್ಲ.

ಡೊರತಿ ನಡುವೆ ಕೇಳಿದಳು, "ಕೆಳಗಿನ ಕಲ್ಲು ಹುಡುಕ್ಕೋತ ಯಾಕ ಹೋಗಲಿಲ್ಲ?"

"ಅದನ್ನ ನೆಲದಾಗ ಹೂತಿರ್ತಾರವ್ವ. ಅದಕ್ಕ ಏಳಾಕ ಬರೂದಿಲ್ಲ."

"ಹಂಗಾರ ಅದು ಅಲ್ಲೇ ಕಾಯ್ಕೋತ ಕುಂತಿತ್ತೇನು? ಅತ್ತಿತೇನು?"

ನಾನು ಉತ್ತರ ಕೊಡಲು ಹೋದೆ. ಮೋಂಬತ್ತಿಯನ್ನು ಆಚೆ ಸರಿಸಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಇವರು ನನ್ನನ್ನು ನೋಡಿ, ಉಳಿದ ಕಥೆಯನ್ನು ತಾವೇ ಇಂಗ್ರೇಜಿಯಲ್ಲಿ ಹೇಳಿ ಮೇಲಿನ ಕಲ್ಲನ್ನು ಮನೆಗೆ ಮುಟ್ಟಿಸಿದರು. ಕತ್ತಲೆಯಿತ್ತು, ಮಕ್ಕಳಿಗೆ ನನ್ನ ಮುಖ ಕಾಣಲಿಲ್ಲ. ಅದೂ ಒಂದು ಪುಣ್ಯ.

ಕ್ರಿಸ್ಮಸ್ಸಿಗೆ ಡೊರತಿಯ ಮಾವ ಬಿಸಿಲಿಗೆ ಸುಟ್ಟ ಮೂಗಿನೊಡನೆ ನೆಟ್ಟಗೆ ಮನೆಗೆ ಬಂದ. ನಾನು ಮೇಲಿನ ಕೋಣೆಯಲ್ಲಿ ಶಿವನಿಗೆ ಒಂದು ತೆಂಗಿನಕಾಯಿ ಬಾಕಿ ಎಂದು ಹೇಳಿಕೊಂಡೆ.

ಹತ್ತಿಮತ್ತೂರು

ಕಡೆಗೂ ಹಡಗು ಸಿಕ್ಕಿತು. ದೀಪ ಆರಿಸಿಕೊಂಡು, ಅಂಜುತ್ತ ಬಂದ ಆ ಹಾದಿಯನ್ನು ಬರೆಯಲು ಮನಸ್ಸಿಲ್ಲ. ಮುಟ್ಟಿದೆವು ಎಂದರೆ ಸಾಕು. ಯಲವಿಗಿ ಸ್ಟೇಶನ್ನಿಗೆ ಬಸಣ್ಣ ಬಂಡಿ ತಂದಿದ್ದ. ದಾರಿಯುದ್ದಕ್ಕೂ ಒಂದೇ ಮಾತು ಕೇಳಿದೆ. "ಆಕಿಗೆ ನನ್ನ ಗುರ್ತು ಸಿಗತೈತೇನಣ್ಣಾ?" ಅವನು ಎತ್ತುಗಳನ್ನು ಬೈಯುತ್ತಲೇ ಇದ್ದ. ಎತ್ತುಗಳು ಸರಿಯಾಗಿಯೇ ಹೋಗುತ್ತಿದ್ದವು.

ಮುಟ್ಟಿದಾಗ ದೀಪ ಹಚ್ಚಿದ್ದರು. ಅತ್ತೆಯವರ ಹಿಂದೆ, ಅವರ ಸೀರೆಯ ನೆರಿಗೆ ಹಿಡಿದು, ಆರು ದಾಟಿದ ಹುಡುಗಿಯೊಬ್ಬಳು ನಿಂತಿದ್ದಳು. ಮುಂದಿನ ಹಲ್ಲು ಎರಡು ಬಿದ್ದಿದ್ದವು. ಆ ಹಲ್ಲು ಮೂಡುವಾಗ ನಾನಿದ್ದೆ. ಬಿದ್ದಾಗ ಇರಲಿಲ್ಲ.

"ಯಾರ್ ಬಂದಾರ ಹೇಳು?" ಎಂದರು ಅತ್ತೆಯವರು.

"ಗೊತ್ತೈತಿ. ಕತ್ಯಾಗಿನ ಅವ್ವ."

ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಮತ್ತೇನ್ ಮಾಡ್ಲೆವ್ವ, ಗೌರವ್ವ. ದಿನಾ ಸಂಜೀಕ ಕೇಳ್ತಿದ್ದಳು. ಕತಿ ಮಾಡಿ ಹೇಳಿದ್ನಿ."

ಉಂಡಾದ ಮೇಲೆ ನಾನು ನೀಲಾಳಿಗೆ, "ಆ ಕತಿ ನನಗೊಂದಿಷ್ಟು ಹೇಳವಾ" ಎಂದೆ. ದೂರ ಕೂತು, ಗೋಡೆ ನೋಡುತ್ತ ಹೇಳಿದಳು. "ಒಂದೂರಾಗ ಒಬ್ಬಾಕಿ ಅವ್ವ ಇದ್ದಳು. ಸಮುದ್ರದ ಆಚಿ ಮಂದಿ ಭಾಳ ಹಸದಿದ್ರು. ಆಕಿ ಹೋಗಿ ಅಡಿಗಿ ಮಾಡಿದ್ಲು. ಎಷ್ಟ್ ಮಾಡಿದ್ರೂ ಅವರ ಹೊಟ್ಟಿ ತುಂಬವಲ್ದು. ಅದಕ್ಕ ಆಕಿಗೆ ಬರಾಕ ಆಗಲಿಲ್ಲ. ಆಮ್ಯಾಲ ತುಂಬತು. ಆಕಿ ಕೈ ತೊಳಕೊಂಡು ಬಂದಳು."

"ಬಂದು?"

"ಗೊತ್ತಿಲ್ಲ. ಅಜ್ಜಿ ಅಲ್ಲಿಗೇ ಬಿಡ್ತಾಳ."

ಅವತ್ತು ಅವಳು ಅಜ್ಜಿಯ ಮಗ್ಗುಲಲ್ಲೇ ಮಲಗಿದಳು. "ಎತ್ತಿ ನಿನ್ನ ಹಾಸಿಗ್ಗೆ ಹಾಕಲೇನು?" ಎಂದು ಅತ್ತೆಯವರು ಕೇಳಿದರು. "ಬ್ಯಾಡ್ರಿ ಅತ್ತಿ. ಆಕೀನ ಬರಲಿ" ಎಂದೆ.

ಬೆಳಗ್ಗೆ ಸಾಲೆಗೆ ಹೋಗುವ ಮುಂಚೆ ಕಟ್ಟೆಯ ಮೇಲೆ ಕೂತು, ಅಜ್ಜಿಯನ್ನೂ ನನ್ನನ್ನೂ ನೋಡಿ, ಬೈತಲೆಯ ಮೇಲೆ ಬೆರಳಿಟ್ಟು ನೆತ್ತಿಯನ್ನು ಎರಡು ಪಾಲು ಮಾಡಿದಳು. "ಈ ಜಡಿ ಅಜ್ಜಿ ಹಾಕ್ಲಿ. ಈ ಜಡಿ ನೀ ಹಾಕು." ಅತ್ತೆಯವರದು ಸರಸರ ಮುಗಿಯಿತು. ಕೂದಲು ಎಷ್ಟು ದಟ್ಟವಾಗಿದೆ, ಯಾವ ಕಡೆಗೆ ತಿರುಗುತ್ತದೆ, ನನ್ನ ಕೈಗೆ ತಿಳಿದಿರಲಿಲ್ಲ. ಬಿಚ್ಚಿದೆ, ಮತ್ತೆ ಹಾಕಿದೆ. ಅವಳು ಕತ್ತು ಅಲ್ಲಾಡಿಸದೆ ಕೂತಿದ್ದಳು.

ಎದ್ದು ಎರಡೂ ಜಡೆ ಮುಟ್ಟಿ ನೋಡಿಕೊಂಡಳು. "ನಿಂದು ಸಡ್ಲ ಆಗೇತಿ."

"ಮತ್ತ ಹಾಕಲೇನು?"

ಸ್ವಲ್ಪ ಯೋಚಿಸಿದಳು. "ಬ್ಯಾಡ, ಹೊತ್ತಾಗೇತಿ. ನಾಳೆ ಬಿಗಿ ಹಾಕು" ಎಂದು, ಪಾಟಿ ಎತ್ತಿಕೊಂಡು ಸಾಲೆಗೆ ಹೋದಳು.